ಅಂಟಿಸಿದ್ದೆಲ್ಲ ಕಾಣಬೇಕು

ಕಂಪ್ಯೂಟರ್ ಮುಂದೆ ಕೂತು ಕೋಡ್ ಬರೆಯುವವರ ಬಾಳಲ್ಲಿ ನಗುವಂಥದ್ದು ಏನಿರುತ್ತದೆ ಎಂದು ನಮ್ಮ ಮನೆಯವರು ಆಗಾಗ ಕೇಳುತ್ತಾರೆ. ಅವರದು ಶೇಂಗಾ ಎಣ್ಣೆ ವ್ಯಾಪಾರ. ಎಣ್ಣೆ ದರ ಏರಿದ ದಿನ ಬಿಟ್ಟರೆ ಉಳಿದ ದಿನ ಅವರ ಹಲ್ಲು ಯಾರಿಗೂ ಕಾಣುವುದಿಲ್ಲ. ನನ್ನ ಕಥೆ ಹಾಗಲ್ಲ. ಚಳ್ಳಕೆರೆಯಲ್ಲಿ ಅವರ ಗೋಡೌನಿನ ಮೇಲಿನ ಕೋಣೆಯಲ್ಲಿ ವೆಬ್‌ಸೈಟು, ಬ್ಲಾಗು ಮಾಡಿಕೊಡುವ ಅಂಗಡಿ ಇಟ್ಟ ಮೇಲೆ ನಾನು ನಗದೆ ಕಳೆದ ವಾರವಿಲ್ಲ. ಒಂದು ವಾರ ಗಿರಾಕಿ ನಗಿಸಿದರೆ ಇನ್ನೊಂದು ವಾರ ಕೋಡ್ ನಗಿಸುತ್ತದೆ. ಮೊಳಕಾಲ್ಮೂರಿನ ಯಜಮಾನಮ್ಮ ಬಂದ ಮೇಲಂತೂ ಎರಡೂ ಒಟ್ಟಿಗೆ ಶುರುವಾದವು.

ಕರೆದು ಕೂರಿಸಿ ಎಲೆ ಹಾಕದಿದ್ದದ್ದು

ಯಜಮಾನಮ್ಮ ರೇಷ್ಮೆ ಸೀರೆ ನೇಯುವ ಮನೆಯವರು. ಐವತ್ತು ದಾಟಿದ ವಯಸ್ಸು, ಚಿಕ್ಕ ಆಳು, ದೊಡ್ಡ ದನಿ. ಮಾತು ಕನ್ನಡದಲ್ಲಿ ಶುರುವಾಗುತ್ತದೆ, ಕೋಪ ಬಂದರೆ ತೆಲುಗಿಗೆ ಹಾರುತ್ತದೆ. ಅವರೂ ಅವರ ಬೀದಿಯ ಇನ್ನು ಕೆಲವು ಮಗ್ಗದ ಮನೆಯವರೂ ನೇಯ್ದ ಸೀರೆಯೆಲ್ಲ ಅಷ್ಟು ವರ್ಷ ಚಳ್ಳಕೆರೆಯ ಒಬ್ಬ ಬಟ್ಟೆ ಸಾಹುಕಾರರ ಅಂಗಡಿಗೆ ಹೋಗುತ್ತಿತ್ತು. ಅಲ್ಲಿ ಆ ಅಂಗಡಿಯ ಚೀಟಿ ಅಂಟಿಸಿಕೊಂಡು, ಸಾಹುಕಾರರೇ ಕೂತು ನೇಯ್ದ ಹಾಗೆ ಹೊರಗೆ ಬರುತ್ತಿತ್ತು. ಯಾರ ಕೈ ಕೆಲಸ ಎಂಬುದು ಉಟ್ಟವರಿಗೆ ಗೊತ್ತೇ ಆಗುತ್ತಿರಲಿಲ್ಲ.

“ನಮ್ಮ ಸೀರೆ ನಮ್ಮ ಹೆಸರ್ನಾಗೆ ಹೋಗ್ಬೇಕು ಕಣವ್ವ,” ಎಂದು ಯಜಮಾನಮ್ಮ ಮೊದಲ ದಿನವೇ ನನ್ನ ಟೇಬಲ್ ಕುಟ್ಟಿ ಹೇಳಿದ್ದರು. “ಈ ಮದುವೆ ಸೀಜನ್‌ನಾಗೆ ಒಂದು ದೊಡ್ಡ ಗಿರಾಕಿ ಹಿಡೀಲೇಬೇಕು. ಇಲ್ಲಾಂದ್ರೆ ಮತ್ತೆ ಸಾವ್ಕಾರ್ರ ಬಾಗ್ಲಿಗೇ ಹೋಗ್ತೀವಿ ಅಂತ ಉಳಿದ ಮನೆಯೋರು ಆಗ್ಲೇ ಹೇಳ್ಬಿಟ್ಟವ್ರೆ.”

ಹೀಗೆ ಅವರಿಗೊಂದು ಬ್ಲಾಗ್ ಮಾಡಿಕೊಟ್ಟೆ. ಒಂದು ಸೀರೆಗೆ ಒಂದು ಬರಹ. ಬರಹವೆಂದರೆ ಎರಡು ಸಾಲು, ಉಳಿದದ್ದೆಲ್ಲ ಫೋಟೋ. ಅವರೇ ಮೊಬೈಲಿನಲ್ಲಿ ಫೋಟೋ ತೆಗೆದು, ಅವರೇ ಏರಿಸುವುದು ಎಂದು ಮಾತಾಯಿತು. ಹೇಗೆಂದು ಎರಡೆರಡು ಸಲ ತೋರಿಸಿ ಕಳಿಸಿದೆ.

ಮರುದಿನವೇ ಫೋನು. “ಎಕ್ಕಡ ಪೋಯಾಯಮ್ಮಾ ನಾ ಫೋಟೋಲು? ಎಲ್ಲಿ ಹೋದ್ವು ನನ್ನ ಫೋಟೋ? ಬೆಳಗಿಂದ ಕೂತು ಏರ್ಸಿದ್ದೀನಿ, ಒಂದೂ ಕಾಣಂಗಿಲ್ಲ!”

ತೆರೆದು ನೋಡಿದೆ. ಫೋಟೋಗಳೆಲ್ಲ ಬ್ಲಾಗಿನ ಹೊಟ್ಟೆಯೊಳಗೆ ಕ್ಷೇಮವಾಗಿದ್ದವು. ಇವರು ಏರಿಸಿದ್ದರು, ಬರಹದೊಳಗೆ ಒಂದೊಂದಾಗಿ ಕೂರಿಸಿರಲಿಲ್ಲ. ಏರಿಸಿದ ಫೋಟೋ ಆ ಬರಹಕ್ಕೆ ಅಂಟಿಕೊಂಡಿರುತ್ತದೆ ನಿಜ, ಆದರೆ ಕೂರಿಸದೆ ಓದುಗರಿಗೆ ಕಾಣುವುದಿಲ್ಲ ಎಂದು ವಿವರಿಸಿದೆ.

ಯಜಮಾನಮ್ಮ ಕೇಳಿದರು: “ಅಂದ್ರೆ ನೆಂಟ್ರುನ್ನ ಮದುವೆಗೆ ಕರೆದು, ಬಾಗ್ಲಾಗೆ ನಿಂತು ಕೈ ಮುಗ್ದು ಒಳಗೆ ಬಿಟ್ಕೊಂಡು, ಒಬ್ಬೊಬ್ರಿಗೂ ಮತ್ತೆ ಹೋಗಿ ‘ಊಟಕ್ಕೆ ಏಳ್ರಿ’ ಅಂತ ಹೇಳ್ಬೇಕಾ? ಇದ್ಯಾವ ಸೀಮೆ ಮರ್ಯಾದೆ ನಿನ್ನ ಕಂಪ್ಯೂಟರಿಂದು?”

ಸೆರಗಿಲ್ಲದ ಸೀರೆ

ಮರ್ಯಾದೆಯ ಪ್ರಶ್ನೆ ಬಂದ ಮೇಲೆ ಸುಮ್ಮನಿರುವವಳು ನಾನಲ್ಲ. ಕೂತು ಕೆಲವೇ ಸಾಲಿನ ಕೋಡ್ ಬರೆದೆ. ಅದರ ಅರ್ಥ ಇಷ್ಟೇ: ಈ ಬರಹಕ್ಕೆ ಅಂಟಿಕೊಂಡಿರುವ ಚಿತ್ರಗಳನ್ನೆಲ್ಲ ಹುಡುಕು, ಕರೆದುಕೊಂಡು ಬಾ, ಎರಡು ಸಾಲಿನ ಕೆಳಗೆ ಸಾಲಾಗಿ ನಿಲ್ಲಿಸು. ಇನ್ನು ಮೇಲೆ ಯಾರೂ ಏನನ್ನೂ ಕೂರಿಸುವ ಹಾಗಿಲ್ಲ. ಏರಿಸಿದರೆ ಸಾಕು, ಕಾಣುತ್ತದೆ. ಒತ್ತಿ ನೋಡಿದೆ. ಚಿತ್ರಗಳು ಟಪಟಪನೆ ಬಂದು ನಿಂತವು. ಸಂತೋಷಕ್ಕೆ ಕೆಳಗಿಳಿದು ಹೋಗಿ ನಮ್ಮ ಮನೆಯವರಿಗೆ ಹೇಳಿದೆ. ಅವರು “ಹೂಂ” ಎಂದರು. ಆ ದಿನ ಎಣ್ಣೆ ದರ ಇಳಿದಿತ್ತು.

ಸಂಜೆ ಮತ್ತೆ ಫೋನು. ಈ ಸಲ ದನಿ ತಗ್ಗಿತ್ತು, ಅಕ್ಕಪಕ್ಕದವರಿಗೆ ಕೇಳಬಾರದೆಂಬಂತೆ.

“ಏನವ್ವ, ಮಾನ ಕಳೆದ್ಯಲ್ಲ! ಅಂಚು ಐತೆ, ಒಡಲು ಐತೆ, ಬುಟ್ಟಾ ಐತೆ. ಸೆರಗೇ ಇಲ್ಲ! ಸೆರಗಿಲ್ದ ಸೀರೇನ ಊರೆಲ್ಲ ನೋಡ್ತಾ ಕೂತೈತೆ!”

ತಪ್ಪು ನನ್ನದೇ. ಎಷ್ಟು ಚಿತ್ರ ಬೇಕೆಂದು ಕೋಡಿನಲ್ಲಿ ಹೇಳದಿದ್ದರೆ ಅದು ತಾನಾಗಿಯೇ ಐದು ತಂದು ನಿಲ್ಲಿಸಿ ಕೈ ತೊಳೆದುಕೊಳ್ಳುತ್ತದೆ. ಸೆರಗಿನ ಫೋಟೋ ಆರನೆಯದು. ಎಲ್ಲವೂ ಬೇಕಾದರೆ ಎಷ್ಟು ಎಂಬ ಜಾಗದಲ್ಲಿ ಮೈನಸ್ ಒಂದು ಎಂದು ಬರೆಯಬೇಕು. ಯಾಕೆ ಮೈನಸ್ ಒಂದು ಎಂದರೆ, ಅದನ್ನು ಕಟ್ಟಿದವರು ಹಾಗೆ ಗೊತ್ತು ಮಾಡಿಟ್ಟಿದ್ದಾರೆ, ಅಷ್ಟೆ. ಫೋನು ಕಿವಿಗಿಟ್ಟುಕೊಂಡೇ ಸರಿ ಮಾಡಿದೆ. ಸೆರಗು ಬಂತು. ಅತ್ತ ಕಡೆ ನಿಟ್ಟುಸಿರು ಕೇಳಿಸಿತು.

“ಈಗೇನು ಮಾಡ್ದೆ?”

“ಮೈನಸ್ ಒಂದು ಅಂತ ಬರೆದೆ ಯಜಮಾನಮ್ಮ.”

“ಅಂದ್ರೆ ಸೊನ್ನೆಗಿಂತ ಒಂದು ಕಮ್ಮಿ. ಅದಕ್ಕೆ ಎಲ್ಲಾ ಕೊಡ್ತಾ?”

“ಹೌದು. ಐದು ಅಂದ್ರೆ ಐದು ಕೊಡ್ತೈತೆ. ಮೈನಸ್ ಒಂದು ಅಂದ್ರೆ ಇದ್ದದ್ದೆಲ್ಲ ಕೊಡ್ತೈತೆ.”

“ಬಿಡವ್ವ, ಗೊತ್ತಾತು. ನಮ್ಮತ್ತೆ ಹಿಂಗೇ ಇದ್ಲು. ಇಷ್ಟು ಕೊಡು ಅಂತ ಕೇಳಿದ್ರೆ ಲೆಕ್ಕ ಮಾಡೋಳು. ಏನೂ ಬೇಡ ಅಂತ ಮೂತಿ ತಿರುಗ್ಸಿ ಕೂತ್ರೆ ಬೀರುವಿನ ಬೀಗದ ಕೈನೇ ಕೊಡೋಳು.”

ಮೊದಲು ಬಂದ ಅತಿಥಿ

ಇದ್ದದ್ದೆಲ್ಲ ಕೊಡುವ ಕೋಡ್ ನಿಜಕ್ಕೂ ಇದ್ದದ್ದೆಲ್ಲ ಕೊಡುತ್ತದೆ. ಮುಂದಿನ ಸೀರೆಯ ಪುಟ ತೆರೆದಾಗ ಹಸಿರು ಒಡಲಿನ, ಕೆಂಪಂಚಿನ ಸೀರೆ ಕಂಡಿತು. ಅದರ ಪಕ್ಕ ಯಜಮಾನಮ್ಮನ ಹೆಬ್ಬೆರಳು, ಅದರ ಪಕ್ಕ ಕಿಟಕಿಯಲ್ಲಿ ಮಲಗಿದ ಬೆಕ್ಕು. ಇವೆಲ್ಲಕ್ಕಿಂತ ಮೊದಲು, ಪುಟದ ನೆತ್ತಿಯ ಮೇಲೆ, ದಾರದಲ್ಲಿ ನೇತಾಡುವ ಒಂದು ಹಳೆಯ ತೊಗಲಿನ ಚಪ್ಪಲಿ. ಒಂದೇ ಕಾಲಿನದು. ಹೆಬ್ಬೆರಳು ತೂರಿಸುವ ಉಂಗುಟ ಬಿಗಿಯಾಗಿತ್ತು, ಹಿಮ್ಮಡಿ ಸವೆದು ಕಾಗದವಾಗಿತ್ತು.

ತಕ್ಷಣ ಫೋನ್ ಮಾಡಿದೆ. “ಯಜಮಾನಮ್ಮ, ಸೀರೆ ಜೊತೆ ಒಂದು ಚಪ್ಪಲಿ ಫೋಟೋ ಕೈತಪ್ಪಿ ಬಂದುಬಿಟ್ಟೈತೆ. ತೆಗೀತೀನಿ.”

“ಕೈತಪ್ಪಿ ಯಾಕೆ ಬರ್ತೈತೆ? ನಾನೇ ಹಾಕಿದ್ದು. ದೃಷ್ಟಿಗೆ.”

ಅವರ ಮಗ್ಗದ ಮನೆಯ ಬಾಗಿಲ ಹೊರಗೆ, ದೃಷ್ಟಿ ತಾಗದಿರಲಿ ಎಂದು ಆ ಚಪ್ಪಲಿ ನೇತುಹಾಕಿದ್ದಾರಂತೆ. ಲಾರಿಗಳ ಹಿಂದೆ ನೇತುಹಾಕುತ್ತಾರಲ್ಲ, ಹಾಗೆ. ಯಜಮಾನಮ್ಮ ಮದುವೆಯಾಗಿ ಆ ಮನೆಗೆ ಬಂದಾಗ ಮೆಟ್ಟಿಕೊಂಡು ಬಂದ ಚಪ್ಪಲಿ ಅದು. ಮನೆ ಬಾಗಿಲಿಗೆ ಬೇಕಾದದ್ದು ಬ್ಲಾಗಿಗೆ ಬೇಡವೇ? ಅಲ್ಲಿ ಬೀದಿಯವರಷ್ಟೇ ನೋಡುವುದು, ಇಲ್ಲಿ ಲೋಕವೇ ನೋಡುತ್ತದೆ. ಅದಕ್ಕೇ ಇನ್ನು ಮೇಲೆ ಪ್ರತಿ ಸೀರೆಗೂ ಮೊದಲು ಚಪ್ಪಲಿ ಏರಿಸಿ ಆಮೇಲೆ ಉಳಿದದ್ದು.

“ಸರಿ, ಒಳಗೆ ಇರ್ಲಿ. ಹೊರಗೆ ಕಾಣದಂಗೆ ಒಂದು ಸಾಲು ಬರೀತೀನಿ,” ಎಂದೆ.

“ಕಾಣದಂಗೆ ಇಟ್ರೆ ಕೆಟ್ಟ ಕಣ್ಣು ಎಲ್ಲಿ ಬೀಳ್ಬೇಕು? ಸೀರೆ ಮೇಲಾ?”

ಬಹಳ ಜಗ್ಗಾಡಿ ಕೊನೆಗೆ ರಾಜಿಯಾಯಿತು. ಹೆಬ್ಬೆರಳನ್ನೂ ಬೆಕ್ಕನ್ನೂ ತೆಗೆಯುವುದು, ಚಪ್ಪಲಿ ಇರುವುದು, ಆದರೆ ಸಾಲಿನ ಕೊನೆಗೆ ನಿಲ್ಲುವುದು. ನನಗೆ ಒಳಗೊಳಗೇ ಉರಿ. ಅಷ್ಟು ಚೆಂದದ ಪುಟ, ಕೊನೆಯಲ್ಲಿ ಹರಕು ಚಪ್ಪಲಿ. ಚಳ್ಳಕೆರೆಯಲ್ಲಿ ನನ್ನ ಅಂಗಡಿಗೆ ಇನ್ನು ಯಾರು ಬರುತ್ತಾರೆ ಎಂದು ಕೊರಗಿದೆ.

ಎರಡು ದಿನದಲ್ಲಿ ಬ್ಲಾಗಿಗೆ ಮೊದಲ ಪ್ರತಿಕ್ರಿಯೆ ಬಂತು. ಯಾರೋ ದಾವಣಗೆರೆಯವರು. ಸೀರೆಯ ಬಗ್ಗೆ ಒಂದಕ್ಷರವಿಲ್ಲ. “ಚಪ್ಪಲಿಯ ಇನ್ನೊಂದು ಕಾಲು ಎಲ್ಲಿ?” ಎಂದಷ್ಟೇ ಬರೆದಿದ್ದರು. ನಾಚಿಕೆಯಿಂದಲೇ ಯಜಮಾನಮ್ಮನಿಗೆ ಓದಿ ಹೇಳಿದೆ. ಅವರು ಚಪ್ಪಾಳೆ ತಟ್ಟಿದ ಸದ್ದು ಫೋನಿನಲ್ಲಿ ಕೇಳಿಸಿತು.

“ನೋಡಿದ್ಯಾ? ಕಣ್ಣು ಸೀದಾ ಚಪ್ಪಲಿ ಮೇಲೇ ಬಿದ್ದೈತೆ. ನನ್ನ ಸೀರೆ ಬದುಕ್ತು!”

ಪತಿವ್ರತೆ

ಮುಂದಿನ ಸೀರೆಯ ಪುಟದಲ್ಲಿ ಚಪ್ಪಲಿ ಕಾಣಲಿಲ್ಲ. ನಾನು ಖುಷಿಯಾದೆ, ಯಜಮಾನಮ್ಮ ಕಂಗಾಲಾದರು. ಈ ಸಲ ಫೋನ್ ಮಾಡದೆ ಬಸ್ಸು ಹತ್ತಿ ಬಂದೇಬಿಟ್ಟರು. ದಾರಿಯಲ್ಲಿ ಸಿಗುವ ತಳಕು ಊರು ದಾಟುವವರೆಗೂ ಪಕ್ಕದ ಸೀಟಿನವರಿಗೆ ನನ್ನ ಕೋಡನ್ನು ಬೈದುಕೊಂಡೇ ಬಂದರಂತೆ.

ನಡೆದದ್ದು ಇಷ್ಟು. ಪ್ರತಿ ಸಲ ಚಪ್ಪಲಿಯ ಹೊಸ ಫೋಟೋ ಯಾಕೆ ಎಂದು, ಹಿಂದೆ ಏರಿಸಿದ್ದ ಫೋಟೋವನ್ನೇ ಆರಿಸಿ ಹೊಸ ಸೀರೆಗೂ ಒತ್ತಿದ್ದರು. ಆದರೆ ಒಂದು ಫೋಟೋ ಮೊದಲು ಯಾವ ಬರಹಕ್ಕೆ ಅಂಟಿಕೊಂಡಿತೋ ಅದಕ್ಕೇ ಸೇರಿದ್ದು. ಬೇರೆ ಬರಹಕ್ಕೆ ಕರೆದರೂ ನನ್ನ ಕೋಡಿನ ಲೆಕ್ಕಕ್ಕೆ ಅದು ಅಲ್ಲಿಯದಲ್ಲ.

“ಒಂದು ಫೋಟೋಗೆ ಒಂದೇ ಮನೆ ಯಜಮಾನಮ್ಮ,” ಎಂದೆ. “ಹಸಿರು ಸೀರೆ ಮನೆ ಸೇರಿದ ಮೇಲೆ ಅದು ಹಳದಿ ಸೀರೆ ಮನೆಗೆ ಬರಲ್ಲ.”

ಯಜಮಾನಮ್ಮ ಕುರ್ಚಿಯಲ್ಲಿ ಹಿಂದಕ್ಕೊರಗಿ ಪರದೆಯನ್ನು ದಿಟ್ಟಿಸಿದರು. “ಹರಕು ಚಪ್ಪಲಿಗೂ ಈ ಪಾಟಿ ಪತಿವ್ರತೆತನ ಯಾಕವ್ವ?”

ಬೇಕಿದ್ದರೆ ಆ ಕಟ್ಟನ್ನೂ ಸಡಿಲಿಸುವ ಸಾಲು ಬರೆಯಬಹುದಿತ್ತು. ಬೇಕೆಂದೇ ಬರೆಯಲಿಲ್ಲ. ಬೇಜಾರಾಗಿ ಚಪ್ಪಲಿ ಬಿಟ್ಟುಬಿಡುತ್ತಾರೆ ಎಂದು ಆಸೆಪಟ್ಟೆ. ಯಜಮಾನಮ್ಮ ಬಿಡುವ ಆಸಾಮಿಯೇ? ಅಂದಿನಿಂದ ಪ್ರತಿ ಸೀರೆಗೂ ಚಪ್ಪಲಿಯ ಹೊಸ ಫೋಟೋ. ಒಂದರಲ್ಲಿ ಬಲಕ್ಕೆ ವಾಲಿದೆ, ಒಂದರಲ್ಲಿ ಗಾಳಿಗೆ ತಿರುಗಿದೆ, ಒಂದರಲ್ಲಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದೆ.

“ಅದಕ್ಯಾಕೆ ಕುಂಕುಮ?” ಎಂದು ಕೇಳಿದೆ.

“ಅವತ್ತು ಶುಕ್ರವಾರ,” ಎಂದರು.

ಸಾಹುಕಾರರ ಕಾಲು

ಮದುವೆ ಸೀಜನ್ ಹತ್ತಿರ ಬಂದಾಗ ಕಾದಿದ್ದ ಗಿರಾಕಿ ಸಿಕ್ಕಿತು. ಹುಬ್ಬಳ್ಳಿಯಲ್ಲಿ ದೊಡ್ಡ ಸೀರೆ ಅಂಗಡಿ ನಡೆಸುವ ಒಬ್ಬ ಮೇಡಂ. ಸೀರೆ ಹಿಡಿಸಿದೆ, ಇಡೀ ಸೀಜನ್‌ಗೆ ಬೇಕು ಎಂದು ನನಗೆ ಫೋನ್ ಮಾಡಿದರು. ನಾನು ಕುಣಿದಾಡುವಷ್ಟರಲ್ಲಿ ಇನ್ನೊಂದು ಮಾತು ಸೇರಿಸಿದರು.

“ಆದ್ರ ಇವೇ ಸೀರಿ, ಇವೇ ಫೋಟೋ, ಚಳ್ಳಕೆರಿ ಇನ್ನೊಂದು ಅಂಗಡಿ ಪುಟದಾಗೂ ಅದಾವಲ್ರೀ. ಇದ್ರಾಗ ಖರೇ ಯಾರದು?”

ಆ ಪುಟ ತೆರೆದೆ. ನಮ್ಮ ಬಟ್ಟೆ ಸಾಹುಕಾರರದ್ದು. ಹೊಸದಾಗಿ ಮಾಡಿಸಿದ್ದರು. ಅವರು ಕೆಟ್ಟವರೇನಲ್ಲ, ತಮ್ಮ ಅಂಗಡಿ ಮುಂದೆ ಹಾದುಹೋದದ್ದೆಲ್ಲ ತಮ್ಮದೇ ಎಂದು ನಂಬಿಕೊಂಡುಬಿಡುವ ಸ್ವಭಾವ. ಯಾರನ್ನೋ ಕೂರಿಸಿ ಯಜಮಾನಮ್ಮನ ಬ್ಲಾಗಿನ ಚಿತ್ರಗಳನ್ನೆಲ್ಲ ಒಟ್ಟಿಗೆ ಇಳಿಸಿಕೊಂಡು ತಮ್ಮ ಪುಟಕ್ಕೆ ಸುರಿದಿದ್ದರು. ಸುರಿದವರೂ ನೋಡಿರಲಿಲ್ಲ, ಸಾಹುಕಾರರೂ ನೋಡಿರಲಿಲ್ಲ. ಒಂದೊಂದು ಸೀರೆಯ ಕೊನೆಗೂ ಆ ಚಪ್ಪಲಿ ನೇತಾಡುತ್ತಿತ್ತು.

ಯಜಮಾನಮ್ಮನಿಗೆ ಹೇಳಿದೆ. ಅವರು ಬಾಯಿಬಿಟ್ಟು ಬೈದ ತೆಲುಗೆಲ್ಲ ನನಗೆ ಅರ್ಥವಾಗಲಿಲ್ಲ, “ದೊಂಗ”, ಅಂದರೆ ಕಳ್ಳ, ಎಂಬುದು ಮಾತ್ರ ಆಗಾಗ ಬರುತ್ತಿತ್ತು. ಬೈದು ಮುಗಿದ ಮೇಲೆ ದನಿ ಸಣ್ಣದಾಯಿತು. “ಈ ಗಿರಾಕಿ ಸಾವ್ಕಾರ್ರ ಪಾಲಾದ್ರೆ ಮುಗೀತವ್ವ. ನಾಳೆನೇ ಎಲ್ಲಾ ಮನೆಯೋರೂ ಗಂಟು ಕಟ್ಕೊಂಡು ಅವರ ಅಂಗಡಿಗೆ ಹೋಗ್ತಾರೆ. ನಾನೂ ಹೋಗ್ಬೇಕು.” ಆ ದೊಡ್ಡ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅವತ್ತೇ ಕೇಳಿದ್ದು.

ಮೇಡಂ ಖುದ್ದಾಗಿ ನೋಡಿಯೇ ತೀರ್ಮಾನಿಸುತ್ತೇನೆಂದು ಚಳ್ಳಕೆರೆಗೆ ಬಂದರು. ಸಾಹುಕಾರರ ಅಂಗಡಿಯಲ್ಲೇ ಎಲ್ಲರೂ ಸೇರುವುದೆಂದಾಯಿತು. ಬಿಳಿ ಗಾದಿಯ ಮೇಲೆ ಸಾಹುಕಾರರು, ಎದುರಿಗೆ ಮೇಡಂ, ಒಂದು ಪಕ್ಕಕ್ಕೆ ನಾನು ಮತ್ತು ಯಜಮಾನಮ್ಮ. ಸುತ್ತ ಸೀರೆ ತೆಗೆಯಲು ಬಂದ ಗಿರಾಕಿಗಳು. ಸಾಹುಕಾರರು ಎಲ್ಲರಿಗೂ ಬಾದಾಮಿ ಹಾಲು ತರಿಸಿದರು.

“ಇವು ನಮ್ಮ ಮಾಲೇ ಮೇಡಂ. ನಮ್ಮ ಮಗ್ಗ, ನಮ್ಮ ಫೋಟೋ,” ಎಂದರು ನಗುತ್ತಾ.

“ಸುಳ್ಳು!” ಎಂದರು ಯಜಮಾನಮ್ಮ. “ನಾನು ನೇಯ್ದಿದ್ದು, ನಾನೇ ತೆಗ್ದಿದ್ದು.”

“ಹಂಗಂತ ಫೋಟೋದಾಗೆ ಬರ್ದೈತಾ ಯಜಮಾನಮ್ಮ? ಸಾಕ್ಷಿ ಏನೈತೆ?”

ನಾವು ಯಾವ ದಿನ ಏರಿಸಿದ್ದು ಎಂದು ತೋರಿಸಲು ನಾನು ಮೊಬೈಲ್ ತೆಗೆದೆ. ಸಾಹುಕಾರರು ಕೈಯೆತ್ತಿ ತಡೆದರು. “ಬ್ಲಾಗ್‌ನಾಗೆ ಯಾವ ತಾರೀಖು ಬೇಕಾದ್ರೂ ಹಾಕ್ಕೋಬಹುದು ಅಂತಾರಲ್ಲ, ನಿಜಾನೋ ಸುಳ್ಳೋ ಹೇಳಿ ನೋಡೋಣ?” ನಿಜವೇ ಆಗಿತ್ತು. ಮೊಬೈಲನ್ನು ಮಡಿಲಲ್ಲಿಟ್ಟುಕೊಂಡೆ. ಯಜಮಾನಮ್ಮ ನೆಲ ನೋಡುತ್ತಿದ್ದರು. ಮುಗಿಯಿತು ಎಂದುಕೊಂಡೆ.

ಮೇಡಂ ಮಾತ್ರ ತಮ್ಮ ಮೊಬೈಲಿನಲ್ಲಿ ಸಾಹುಕಾರರ ಪುಟವನ್ನು ಒಂದೊಂದೇ ಚಿತ್ರ ಸರಿಸಿ ನೋಡುತ್ತಿದ್ದರು. ಕೊನೆಗೆ ಬಂದು ನಿಂತರು. ಮೊಬೈಲನ್ನು ಸಾಹುಕಾರರ ಕಡೆ ತಿರುಗಿಸಿದರು.

“ಈ ಚಪ್ಪಲಿ ಯಾರದ್ರೀ?”

ಸಾಹುಕಾರರು ಅದನ್ನು ಆಗಲೇ ಮೊದಲ ಸಲ ನೋಡಿದ್ದು. ಆದರೂ ಈ ಸೀಮೆಯವರಲ್ಲವೇ, ಯಾತಕ್ಕೆಂದು ಥಟ್ಟನೆ ಹೊಳೆಯಿತು. “ಓ, ಅದಾ? ದೃಷ್ಟಿಗೆ ಮೇಡಂ. ನಮ್ಮ ಕಡೆ ಪದ್ಧತಿ.”

“ಪದ್ಧತಿ ನಮ್ಮ ಕಡೀನೂ ಐತ್ರಿ. ಚಪ್ಪಲಿ ಯಾರದು?”

ಫೋಟೋ ತಮ್ಮದು ಎಂದವರು ಚಪ್ಪಲಿ ಬೇರೆಯವರದು ಎಂದು ಹೇಗೆ ಹೇಳಿಯಾರು? ಎದೆಯ ಮೇಲೆ ಕೈಯಿಟ್ಟು, “ನಂದೇ,” ಎಂದರು. “ನನ್ನ ಹಳೇ ಚಪ್ಪಲಿ.”

ಯಜಮಾನಮ್ಮ ತಲೆಯೆತ್ತಿದರು. ತಮ್ಮ ಬ್ಯಾಗಿಗೆ ಕೈ ಹಾಕಿ ಪೇಪರ್ ಸುತ್ತಿದ ಗಂಟೊಂದನ್ನು ತೆಗೆದರು. ದೊಡ್ಡ ಕೆಲಸಕ್ಕೆ ಹೊರಟಿದ್ದೇವೆ, ದಾರಿಯಲ್ಲಿ ದೃಷ್ಟಿಯಾಗಬಾರದು ಎಂದು ಬಾಗಿಲಲ್ಲಿದ್ದ ಚಪ್ಪಲಿಯನ್ನೇ ಬಿಚ್ಚಿ ತಂದಿದ್ದರು. ನನಗೂ ಹೇಳಿರಲಿಲ್ಲ. ವ್ಯಾಪಾರ ನಡೆಯುವ ಗಾದಿಯ ಹತ್ತಿರ ತರಬಾರದೆಂದು, ಎದ್ದು ಹೋಗಿ ಎಲ್ಲರೂ ಚಪ್ಪಲಿ ಬಿಟ್ಟಿದ್ದ ಬಾಗಿಲ ಬಳಿ ಅದನ್ನಿಟ್ಟರು.

“ಸಾವ್ಕಾರ್ರೇ, ನಿಮ್ಮ ಚಪ್ಪಲಿ ಹೆಂಗೋ ನಮ್ಮ ಬಾಗ್ಲಿಗೆ ಬಂದಿತ್ತು. ತಗೊಳ್ರಿ. ಮೆಟ್ಕೊಳ್ರಿ.”

ನಗುತ್ತಾ ತಳ್ಳಿಹಾಕಿದ್ದರೆ ಸಾಹುಕಾರರು ಉಳಿಯುತ್ತಿದ್ದರೇನೋ. ಆದರೆ ಅಷ್ಟು ಜನ ಗಿರಾಕಿಗಳು ನೋಡುತ್ತಿದ್ದರು. ಆಡಿದ ಮಾತು ಉಳಿಸಿಕೊಳ್ಳಲು ಗಾದಿಯಿಂದ ಇಳಿದು, ಪಂಚೆ ಎತ್ತಿ, ಆ ದೊಡ್ಡ ಪಾದವನ್ನು ಮದುವಣಗಿತ್ತಿಯ ಚಪ್ಪಲಿಯೊಳಗೆ ತೂರಿಸಿದರು. ಹೆಬ್ಬೆರಳು ಉಂಗುಟದೊಳಗೆ ಹೋಯಿತು. ಅಲ್ಲಿಗೆ ಚಪ್ಪಲಿ ಮುಗಿಯಿತು, ಪಾದ ಇನ್ನೂ ಮುಕ್ಕಾಲು ಬಾಕಿ ಇತ್ತು. ಒತ್ತಿದರು. ಇನ್ನೊಮ್ಮೆ ಒತ್ತಿದರು.

“ತೊಳ್ದಾಗ ಕುಗ್ಗಿರ್ಬೇಕು,” ಎಂದರು ಸಾಹುಕಾರರು.

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಕೈಯಲ್ಲಿದ್ದ ರವಿಕೆ ಎತ್ತಿ ಹಿಡಿದು ಕೂಗಿದರು: “ನಾನು ಅದನ್ನೇ ಹೇಳಿದ್ರೆ, ನಮ್ಮ ಅಂಗಡಿ ಮಾಲು ಕುಗ್ಗಂಗೇ ಇಲ್ಲ ಅಂತ ಈಗ್ತಾನೆ ವಾದ ಮಾಡಿದ್ರಲ್ರೀ!”

ಅಂಗಡಿಗೆ ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಂತಿದ್ದ ಸಾಹುಕಾರರಿಗೂ ನಗು ತಡೆಯಲಾಗಲಿಲ್ಲ. ಮೇಡಂ ಕಣ್ಣೊರೆಸಿಕೊಂಡು ಯಜಮಾನಮ್ಮನ ಕೈ ಹಿಡಿದರು. “ಈ ಸೀಜನ್ನಿನ ಸೀರಿ ಅಷ್ಟೂ ನಿಮ್ಮ ಮಗ್ಗದ್ದೇ. ಒಂದೊಂದು ಸೀರಿ ಮ್ಯಾಲೂ ನೇಯ್ದವರ ಹೆಸರು ಇರಬೇಕು.” ನಾನು ಎದೆಯುಬ್ಬಿಸಿ ಕೂತೆ. ಎಲ್ಲ ಚಿತ್ರವನ್ನೂ ತೋರಿಸುವ ಕೋಡ್ ಬರೆದವಳು ನಾನು ತಾನೆ? ಆ ಚಪ್ಪಲಿಯನ್ನು ಬಚ್ಚಿಡುವ ಒಂದು ಸಾಲು ಬರೆದಿದ್ದರೆ ಎಲ್ಲ ಹಾಳಾಗುತ್ತಿತ್ತು. ಯಜಮಾನಮ್ಮ ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು.

ಅಷ್ಟರಲ್ಲಿ ಸಾಹುಕಾರರು ಹೆಬ್ಬೆರಳು ಬಿಡಿಸಿಕೊಳ್ಳಲು ಚಪ್ಪಲಿಯನ್ನು ಜೋರಾಗಿ ಜಗ್ಗತೊಡಗಿದ್ದರು. ಯಜಮಾನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಗದರಿದರು:

“ಹುಷಾರಾಗಿ ಬಿಚ್ರಿ ಸಾವ್ಕಾರ್ರೇ, ನಾಳೆ ಹೊಸ ಸೀರೆ ಫೋಟೋ ಹಾಕೋದೈತೆ!”